ಬೂದಿರಾಣಿಯ ಕೊನೆಯ ಕಂತು

ನೀಲಿ ಹೋಗುತ್ತಿದೆ, ನಿಂಬೆರಸ ಬಿದ್ದಲ್ಲೆಲ್ಲ ನೇರಳೆ ಹಬ್ಬುತ್ತಿದೆ, ಶಂಖಪುಷ್ಪ ನೆನೆಸಿದ ನೀರಿನ ಬುದ್ಧಿಯೇ ಇಷ್ಟು, ಹುಳಿ ತಾಗಿದರೆ ಸಾಕು ಬಣ್ಣ ಬಿಟ್ಟುಕೊಡುತ್ತದೆ, ಜಿನ್ ಜಾಸ್ತಿಯಾಯಿತೇ, ಇಲ್ಲ, ಸರಿಯಿದೆ, ಇನ್ನು ಮೇಲೆ ಸುಟ್ಟ ಚಕ್ಕೆಯ ಹೊಗೆ—ಹೊಗೆ ಬರ್ಲೇಬೇಕು, ಡ್ರ್ಯಾಗನ್ ಅಂದ್ಮೇಲೆ ಹೊಗೆ ಇಲ್ದಿದ್ರೆ ಜನ ಏನಂತ ಫೋಟೋ ತೆಗೀತಾರೆ, ಅಂದಿದ್ದರು ಬಾರಿನ ಮಾಲೀಕರು, ಧಾರಾವಾಹಿಯ ಒಂದು ಕಂತನ್ನೂ ನೋಡಿದವರಲ್ಲ, ಬೂದಿರಾಣಿ ಅಂದರೆ ಪಾತ್ರೆ ತೊಳೆಯುವ ಪುಡಿಯ ಹೆಸರು ಅಂದುಕೊಂಡಿದ್ದರು, ಆದರೂ ಗೋಡೆಯಗಲ ಪರದೆ ಕಟ್ಟಿಸಿದ್ದಾರೆ, ಇವತ್ತು ಕೊನೆಯ ಕಂತು, ಜೊತೆಗೆ ರಾಣಿಯ ಹೆಸರಿನ ಈ ಪಾನೀಯ, ಕುರ್ಚಿಗಳೆಲ್ಲ ಭರ್ತಿ, ಕೌಂಟರಿನ ಹಿಂದೆ ಬೆರೆಸುವವಳು ನಾನೊಬ್ಬಳೇ, ಬಾಗಿಲು ಸದ್ದಾದಾಗಲೆಲ್ಲ ಕತ್ತು ತಾನಾಗಿ ಮೇಲೇಳುತ್ತದೆ, ಬರುವುದಿಲ್ಲ ಅವಳು, ಬಾ ಅಂತ ಕಳಿಸಿದ ಸಂದೇಶವನ್ನು ಓದಿದ್ದಾಳೆ, ಉತ್ತರವಿಲ್ಲ, ಯಾಕೆ ಬರಬೇಕು, ನಾನು ಯಾರು ಅವಳಿಗೆ.

ಚಿಟಿಕೆ—ಆ ಅಡ್ಡಹೆಸರಿಟ್ಟವಳು ನಾನೇ, ತಟ್ಟೆಗೆ ಏನು ಬಡಿಸಿದರೂ ಚಿಟಿಕೆಯಷ್ಟು ಸಾಕು ಅನ್ನುತ್ತಿದ್ದಳು, ತಾಯಿಯಿಲ್ಲದ ಮಗು, ಅವಳಪ್ಪನ ಜೊತೆ ನಾನು ಬಾಳತೊಡಗಿದಾಗ ಅವಳಿಗಿನ್ನೂ ಶೂ ಲೇಸು ಕಟ್ಟಿಕೊಳ್ಳಲು ಬರುತ್ತಿರಲಿಲ್ಲ, ಅವಳಪ್ಪ ಕನ್ನಡಕದಂಗಡಿಯಿಂದ ಬರುವಷ್ಟರಲ್ಲಿ ನಾವಿಬ್ಬರೂ ಸೋಫಾದಲ್ಲಿ ಒಂದೇ ಹೊದಿಕೆಯೊಳಗೆ, ಇದೇನು ಮಕ್ಕಳು ನೋಡೋ ಧಾರಾವಾಹಿನಾ, ಅನ್ನುತ್ತಲೇ ಅವನೂ ಒಂದು ತುದಿಯಲ್ಲಿ ಕೂರುತ್ತಿದ್ದ, ಕೈಯಲ್ಲಿ ಇದೇ ನೀಲಿ ಪಾನೀಯ, ಅವಳದರಲ್ಲಿ ಜಿನ್ನಿನ ಬದಲು ಸಕ್ಕರೆ ಪಾಕ, ನಿಂಬೆಯನ್ನು ತಾನೇ ಹಿಂಡಬೇಕು, ಬಣ್ಣ ತಿರುಗಿದಾಗ ಮಂತ್ರ ಹಾಕಿದವಳು ತಾನೇ ಎಂಬ ಗತ್ತು—ನಿಜ ಹೇಳಬೇಕೆಂದರೆ ಆ ಕಥೆ ನನ್ನ ತಲೆಗೆ ಅರ್ಧವೂ ಹೋಗಿಲ್ಲ, ಯಾವ ರಾಜ್ಯ ಯಾರದು, ಡ್ರ್ಯಾಗನ್ ಯಾಕೆ ಮುನಿಸಿಕೊಂಡಿತು, ನಾನು ನೋಡುತ್ತಿದ್ದದ್ದು ಅವಳ ಕೆನ್ನೆಯನ್ನು, ಟೀವಿಯ ಬೆಳಕು ಅದರ ಮೇಲೆ ಹಾದುಹೋಗುವುದನ್ನು. ಆಮೇಲೆ ನಮ್ಮಿಬ್ಬರಿಗೆ ಆಗಿಬರಲಿಲ್ಲ, ನನಗೂ ಅವಳಪ್ಪನಿಗೂ, ಜಗಳವೂ ಅಲ್ಲ, ಮಾತೇ ಬತ್ತಿಹೋಯಿತು, ನಮ್ಮಿಬ್ಬರದು ಮುಗೀತು, ಅವಳನ್ನ ಮಧ್ಯೆ ಎಳೀಬೇಡ, ಅಂದ, ಎಳೆಯಲಿಲ್ಲ, ಅವನು ಕೆಟ್ಟವನಲ್ಲ, ಸೂಟ್‌ಕೇಸ್ ಹಿಡಿದು ನಿಂತಾಗ ಅವಳು ಕೇಳಿದ್ದು ಒಂದೇ, ಕೊನೇ ಕಂತು ಬಂದಾಗ?—ಅಷ್ಟು ಹೊತ್ತಿಗೆ ನೀನು ದೊಡ್ಡವಳಾಗಿರ್ತೀಯ, ನಿಜವಾದದ್ದೇ ಮಾಡ್ಕೊಡ್ತೀನಿ, ಅಂದೆ. ದೊಡ್ಡಮ್ಮ, ಚಿಕ್ಕಮ್ಮ, ಅತ್ತೆ, ವಾರಗಿತ್ತಿ, ಷಡ್ಡಕ, ಎಲ್ಲರಿಗೂ ಹೆಸರುಂಟು, ಅಪ್ಪನ ಜೊತೆ ಮದುವೆಯಾಗದೆ ಬಾಳಿ ಎದ್ದುಹೋದವಳನ್ನು ಮಗಳು ಏನಂತ ಕರೆಯಬೇಕು, ಮಲತಾಯಿ ಎಂಬ ಬೈಗುಳಕ್ಕೂ ನನಗೆ ಹಕ್ಕಿಲ್ಲ.

ಬಾಗಿಲು—ಉದ್ದ ಹುಡುಗಿ, ಗಿಡ್ಡ ಕೂದಲು, ಜೊತೆಗೊಬ್ಬಳು ಗೆಳತಿ, ಅಯ್ಯೋ ಇವಳೇ, ಇವಳೇ, ಚಮಚ ಕೈಜಾರಿ ಬಿತ್ತು, ನೇರ ಕೌಂಟರಿಗೆ ಬಂದಳು, ಚೆನ್ನಾಗಿದ್ದೀರಾ? ಅಂದಳು, ರಾ ಅಂದಳು, ನೀನು ನೀನು ಅಂತ ತೋಳಿಗೆ ಜೋತುಬೀಳುತ್ತಿದ್ದವಳು, ಆ ಒಂದಕ್ಷರ ನಮ್ಮ ನಡುವಿನ ಕೌಂಟರಿಗಿಂತ ಅಗಲ, ನಾನೂ ತಡವರಿಸಿ ಬಾ, ಬನ್ನಿ, ಕೂತ್ಕೋ ಅಂತ ಎಲ್ಲವನ್ನೂ ಒಟ್ಟಿಗೆ ಅಂದೆ, ಗೆಳತಿ ಅವಳ ಕಿವಿಗೆ ಬಾಗಿ, ಯಾರೇ ಇವ್ರು, ನಿಮ್ ಚಿಕ್ಕಮ್ಮನಾ? ಅಲ್ಲ... ಹೂಂ, ಹಾಗೇ ಅಂತ ಇಟ್ಕೋ. ಗೆಳತಿ ಇಟ್ಟುಕೊಂಡಳೋ ಬಿಟ್ಟಳೋ, ನಾನು ಇಟ್ಟುಕೊಂಡೆ. ನಿಜವಾದದ್ದನ್ನೇ ಬೆರೆಸಿದೆ, ಹೊಗೆ ಅಡ್ಡಾದಿಡ್ಡಿ ಎದ್ದಿತು, ಗುಟುಕರಿಸಿ ಮುಖ ಕಿವುಚಿದಳು, ಕಹಿ ಇದೆ, ಸ್ವಲ್ಪ ಪಾಕ ಹಾಕ್ತೀರಾ?—ಹಾಕಿದೆ, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ, ಅಪ್ಪ ಚೆನ್ನಾಗಿದ್ದಾರೆ, ಅಂದಳು ಕೇಳದೆಯೇ, ಇಲ್ಲಿಗೆ ಬರ್ತಿರೋದು ಅವರಿಗೆ ಗೊತ್ತು, ಹೋಗಿ ಬಾ ಅಂದ್ರು—ಅಷ್ಟರಲ್ಲಿ ದೀಪ ಆರಿತು, ಅವರು ಮುಂದೆ ಹೋಗಿ ಕೂತರು.

ಇಲ್ಲಿಂದ ಪರದೆ ಕಾಣುವುದಿಲ್ಲ, ಕಂಬ ಅಡ್ಡ, ಅವಳ ಅರ್ಧ ಮುಖ ಮಾತ್ರ ಕಾಣುತ್ತದೆ, ಕೆನ್ನೆಯ ಮೇಲೆ ಬೂದು, ರಾಣಿ ಕೋಟೆಗೆ ಬಂದಳೇನೋ, ಕತ್ತಲು, ಮತ್ತೆ ಬೂದು, ಯಾರೋ ಇನ್ನೆರಡು ಕೊಡಿ ಅನ್ನುತ್ತಿದ್ದಾರೆ, ಕೊಡುತ್ತೇನೆ, ತಡೀರಿ, ಜನರೆಲ್ಲ ಹೋ ಅಂದರು, ಡ್ರ್ಯಾಗನ್ ಕೂಗಿತು, ಅವಳು ಅರ್ಧ ಎದ್ದು ಕೂಗಿದಳು, ನೋಡೇ, ನೋಡೇ!—ಆ ಏಕವಚನ ಯಾರಿಗೆ, ಪಕ್ಕದವಳಿಗಾ, ಅವಳಿಗೇ ಇರಬೇಕು, ತಿರುಗಲಿಲ್ಲ, ಒಂದು ಸಲ ತಿರುಗು ಮಗಳೇ, ಛೆ, ಎಲ್ಲಿಯ ಮಗಳು, ಒಂದೇ ಒಂದು ಸಲ, ಇಲ್ಲ, ಕೆನ್ನೆ ಒದ್ದೆಯಾಗಿದೆ, ಒರೆಸಿಕೊಳ್ಳುತ್ತಿಲ್ಲ, ಒದ್ದೆ ಕೆನ್ನೆಯ ಮೇಲೆ ಬೆಂಕಿಯ ಬೆಳಕು, ಒದ್ದೆ ಕೆನ್ನೆ, ಅದರ ಮೇಲೆ ಬೆಂಕಿಯ ಬೆಳಕು