ಗಾಲೆರ್ನ್ ವಾಲಿದಾಗ

ಹಡಗಿನಂಚಿನ ಕಂಬಿ ಬೆಚ್ಚಗಿದೆ, ಚಿಮಣಿಯ ಕಾವು ಇಲ್ಲಿಯವರೆಗೂ ಬರುತ್ತದೆ, ಬರಲೇಬೇಕು, ನಡುವೆ ಎಷ್ಟು ಜಾಗ ಬಿಡಬೇಕೆಂದು ಬರೆದವನು ನಾನೇ ತಾನೆ, ಹದಿನೈದು ವರ್ಷದ ಹಿಂದೆ, ಲೋರಿಯಾಂ ಹಡಗುಕಟ್ಟೆಯ ನಕ್ಷೆಕೋಣೆಯಲ್ಲಿ ಪೆನ್ಸಿಲ್ ಕಚ್ಚಿಕೊಂಡು — ಈ ಗಾಲೆರ್ನ್ ಯುದ್ಧನೌಕೆಯ ಒಂದೊಂದು ಮೊಳೆಯೂ ನನಗೆ ಗೊತ್ತು, ಹಿಂದೆ ಜರ್ಮನ್ನರ ಬಾಂಬಿಗೆ ಡಂಕರ್ಕ್ ಬಂದರು ಹೊತ್ತಿ ಉರಿಯುತ್ತಿದೆ, ಉರಿಯಲಿ, ಏಳುನೂರು ಸೈನಿಕರನ್ನು ಹೇರಿಕೊಂಡು ನಾವು ಇಂಗ್ಲೆಂಡಿನ ಡೋವರ್ ಕಡೆ ಹೊರಟಾಯಿತು. ಮೇಲ್ಭಾರ ಜಾಸ್ತಿ ಆಯ್ತಲ್ಲ ರುವಿಯೇರ್, ಮೂರು ಚಿಮಣಿ, ನಾಲ್ಕು ತೋಪು, ಇದೇನು ಹಡಗೋ ಇಗರ್ಜಿಯೋ, ಎಂದಿದ್ದರು ನನ್ನ ಮೇಲಧಿಕಾರಿ ಮಲಾರ್ದೆ, ಆ ಮುದುಕರಿಗೆ ಎಲ್ಲದರಲ್ಲೂ ಹುಳುಕು, ನಾನು ನಕ್ಕು ಲೆಕ್ಕದ ಹಾಳೆ ಮುಂದಿಟ್ಟಿದ್ದೆ, ಲಂಗರಿನ ಸರಪಳಿ, ಅಡುಗೆಯ ಪಾತ್ರೆ, ಮನುಷ್ಯನೊಬ್ಬನಿಗೆ ಎಪ್ಪತ್ತು ಕಿಲೋ, ಏನನ್ನೂ ಬಿಟ್ಟಿರಲಿಲ್ಲ. ಮುಳುಗಿತೇ? ಇಡೀ ಚಳಿಗಾಲ ಅಟ್ಲಾಂಟಿಕ್‌ನಲ್ಲಿ ಸರಕುಹಡಗುಗಳಿಗೆ ಕಾವಲಾಗಿತ್ತು, ನಾರ್ವೆಗೆ ಹೋಗಿ ಬಂತು, ನೆತ್ತಿಯ ಮೇಲೆ ಇನ್ನೆರಡು ವಿಮಾನ ಹೊಡೆಯುವ ತೋಪು ಕೂರಿಸಿದರು, ಅವುಗಳ ಪರೀಕ್ಷೆಗೆಂದೇ ನಾನು ಹತ್ತಿದ್ದು, ಹಡಗು ಅಲ್ಲಾಡಲಿಲ್ಲ. ಬೆಳಿಗ್ಗೆ ಕ್ಯಾಪ್ಟನ್ ಕೇಳಿದರು, ಎಂಜಿನಿಯರ್ರೇ, ತಳದ ಎಣ್ಣೆ ತೊಟ್ಟಿಗಳು ಖಾಲಿಯಾಗಿವೆ, ತಳ ಭಾರವಾಗಿರಲಿ ಅಂತ ಸಮುದ್ರದ ನೀರು ತುಂಬಿಸೋಣ್ವಾ? ಬೇಡ ಕ್ಯಾಪ್ಟನ್, ಆಮೇಲೆ ಎಣ್ಣೆ ಹಾಕೋಕೆ ತೊಟ್ಟಿ ತೊಳೀಬೇಕು, ಒಂದು ದಿನ ಹಾಳು, ನನ್ನ ಹಡಗು ನನಗೆ ಗೊತ್ತು.

ವಿಮಾನ, ಬಲಗಡೆಯಿಂದ, ತಗ್ಗಿನಲ್ಲಿ — ಅಯ್ಯೋ ಓಡುತ್ತಿದ್ದಾರೆ, ಏಳುನೂರು ಜನವೂ ಒಟ್ಟಿಗೆ ಎಡಕ್ಕೆ ಓಡುತ್ತಿದ್ದಾರೆ, ನನ್ನ ಹಾಳೆಯ ಮೇಲೆ ಯಾರೂ ಓಡಿರಲಿಲ್ಲ, ಎಪ್ಪತ್ತೆಪ್ಪತ್ತು ಕಿಲೋಗಳು ತಮ್ಮ ತಮ್ಮ ಜಾಗದಲ್ಲಿ ಸುಮ್ಮನೆ ನಿಂತಿದ್ದವು, ಹಡಗು ಎಡಕ್ಕೆ ವಾಲುತ್ತಿದೆ, ಇನ್ನೂ ವಾಲುತ್ತಿದೆ, ಬಾಂಬು ದೂರ ಬಿತ್ತು, ವಿಮಾನ ಹೋಯಿತು, ಇವರು ಮಾತ್ರ ಅಲ್ಲೇ ಅಂಟಿಕೊಂಡಿದ್ದಾರೆ, ಈಗ ತೊಟ್ಟಿ ತುಂಬಿಸಲು ಅರ್ಧ ಗಂಟೆ ಬೇಕು, ಅರ್ಧ ಗಂಟೆ ಎಲ್ಲಿದೆ, ಬಲಕ್ಕೆ ಬನ್ರಯ್ಯಾ ಮಗುಚತ್ತೆ ಎಂದು ಅರಚಿದೆ, ಯಾರ ಕಿವಿಗೂ ಬೀಳಲಿಲ್ಲ, ಮಲಾರ್ದೆ ಹೇಳಿದ್ದು ಸರಿ, ತಪ್ಪು ನನ್ನದೇ, ನನಗೆ ಹೆದರಿಕೆಯಾಗುತ್ತಿದೆ. ಬಲಗಡೆ ಒಬ್ಬನೇ ಒಬ್ಬ ಸೈನಿಕ, ಪೆಟ್ಟಿಗೆಯ ಮೇಲೆ ಕೂತು, ಬೂಟು ಬಿಚ್ಚಿ, ಕಾಲುಚೀಲ ಹಿಂಡುತ್ತಿದ್ದಾನೆ. ಏನಯ್ಯಾ, ನೀನು ಓಡಲ್ವಾ? ಮೂರು ದಿನದಿಂದ ಓಡಿದ್ದೇ ಆಯ್ತು ಸಾರ್, ಕಾಲೆಲ್ಲಾ ಬೊಬ್ಬೆ, ಇನ್ನು ನನ್ನ ಕೈಲಾಗಲ್ಲ. ಏಳಬೇಡ ಮಾರಾಯ, ನಿನ್ನ ಕಾಲಿಗೆ ಬೀಳ್ತೀನಿ, ಏಳಬೇಡ. ತೆವಳಿಕೊಂಡು ಹೋಗಿ ನಾನೂ ಪಕ್ಕದಲ್ಲಿ ಕೂತೆ, ನೂರ ನಲವತ್ತು ಕಿಲೋ, ಕಾಲುಚೀಲದ ಹನಿ ಅವನ ಪಾದದ ಮೇಲೆ ಬೀಳುತ್ತಿಲ್ಲ, ಎರಡು ಗೇಣು ಆಚೆ, ಎಡಕ್ಕೆ ಬೀಳುತ್ತಿದೆ, ಅಷ್ಟು ವಾಲಿದ್ದೇವೆ. ನಾವಿಕರ ಮೇಸ್ತ್ರಿ ಕೆರ್ದೋಂಕುಫ್‌ನ ಕಂಚಿನ ಕಂಠ, ಲೇ, ಬಲಗಡೆ ವೈನ್ ಹಂಚ್ತಿದಾರ್ರೋ, ತಲೆಗೊಂದು ಲೋಟ! ಕೆಂಪೋ ಬಿಳೀನೋ, ಯಾರೋ ಕೇಳಿದ. ಬಂದ್ ಕುಡಿದು ನೋಡೋ, ದೊಡ್ಡಸ್ತಿಕೆಯವನೇ! ಒಬ್ಬ ತಿರುಗಿದ, ಇಬ್ಬರು, ಹತ್ತು ಜನ, ಲೋಟ ಹುಡುಕುತ್ತಾ ಬರುತ್ತಿದ್ದಾರೆ, ನಾನು ಅವರನ್ನು ನೋಡುತ್ತಿಲ್ಲ, ಹನಿಯನ್ನು ನೋಡುತ್ತಿದ್ದೇನೆ, ಹಿಂಡು ಮಾರಾಯ, ಇನ್ನೊಮ್ಮೆ ಹಿಂಡು, ಒಂದೂವರೆ ಗೇಣು, ಒಂದು ಗೇಣು, ಹನಿ, ನಾಲ್ಕು ಬೆರಳು, ಹನಿ, ಅವನ ಹೆಬ್ಬೆರಳ ಮೇಲೆ, ಹನಿ.