ಕೆಮ್ಮಿನ ಸಾಹೇಬರು ಹೇಳಿದ್ದು

ಹುತ್ತೂರಿನ ಮುರಳಿಮೋಹನ್ ಬೆಣ್ಣೆಹಣ್ಣು ಬೆಳೆಗಾರರ ಬಳಗ ಕಟ್ಟಿದ್ದೇ ನಾಲಿಗೆಯ ಬಲದಿಂದ. ಬೆಳೆಸಿದ್ದು ಬೆಣ್ಣೆಹಣ್ಣು, ಜನರಿಗೆ ಹಚ್ಚಿದ್ದೂ ಬೆಣ್ಣೆಯೇ. ಮಾಲೂರಿನಿಂದ ಮುಳಬಾಗಿಲಿನವರೆಗೆ ಎಪ್ಪತ್ತು ಮನೆಯವರು ಅವನ ಮಾತು ಕೇಳಿ ಕಸಿಗಿಡ ನೆಟ್ಟರು. ಶ್ರೀನಿವಾಸಪುರದ ಮಾವಿನ ತೋಟದವರು "ಸಿಹಿ ಇಲ್ಲ, ಹುಳಿ ಇಲ್ಲ, ಅದೇನ್ ಹಣ್ಣೋ!" ಎಂದು ಮೂಗು ಮುರಿದಾಗ, ಆ ಮೂಗು ಮುರಿಯುವುದನ್ನೇ ಅಣಕಿಸಿ ತೋರಿಸಿ ಅವರಲ್ಲೂ ಆರು ಜನರನ್ನು ಸೇರಿಸಿಕೊಂಡ.

ಟೇಕಲ್‌ನ ಮುನಿಯಲ್ಲಮ್ಮ ಹಿಪ್ಪುನೇರಳೆ ಕಿತ್ತು ನೂರು ಗಿಡ ಇಟ್ಟವಳು. ಈಗ ನಾಲ್ಕನೇ ವರ್ಷ, ಮೊದಲ ಫಸಲು. ಬಳಗದ ಮೊದಲ ಲಾರಿ ಅವಳ ತೋಟದಿಂದಲೇ ಹೊರಡುತ್ತದೆ ಎಂದು ಮುರಳಿ ಊರೂರಿಗೆ ಹೇಳಿಕೊಂಡು ಬಂದಿದ್ದ. ಏಪ್ರಿಲ್‌ನ ಒಂದು ಬೆಳಿಗ್ಗೆ ಅವಳ ಫೋನ್ ಬಂತು.

"ಎಲೆಯೆಲ್ಲ ಜೋತು ಬಿದ್ದವೆ ನಾಯ್ನಾ. ಕಾಯಿ ಉದುರ್ತಾ ಅವೆ. ಬಂದು ನೋಡು."

ತೋಟಕ್ಕೆ ಕಾಲಿಟ್ಟರೆ ಪಾದ ಹೂತುಹೋಯಿತು. ಪ್ರತಿ ಗಿಡದ ಬುಡದಲ್ಲೂ ಪಾತಿ ತುಂಬ ನೀರು. ಮುರಳಿ ಕೂತು ಕೈಯಿಂದಲೇ ಮಣ್ಣು ಬಗೆದ. ಬೆಳ್ಳಗಿರಬೇಕಾದ ಬೇರು ಕರ್ರಗಾಗಿತ್ತು. ಮುಟ್ಟಿದರೆ ಸುಟ್ಟ ಬೆಂಕಿಕಡ್ಡಿಯಂತೆ ಮುರಿಯಿತು. ಇನ್ನೊಂದು ಗಿಡ, ಮತ್ತೊಂದು. ಎಲ್ಲ ಅಷ್ಟೇ.

"ಇಷ್ಟು ನೀರು ಯಾಕಮ್ಮಾ ಬಿಟ್ಟೆ? ಬೇರು ಕೊಳೆತಿದೆ."

"ಆ ವಿಜ್ಞಾನಿ ಸಾಹೇಬ್ರು ಹೇಳ್ದಂಗೇ ಬಿಟ್ಟಿದೀನಿ ಕಣಪ್ಪಾ. ಬಾಡಿದಷ್ಟೂ ಬಿಟ್ಟೆ." ಅವಳು ಸೆರಗಿಗೆ ಕೈ ಒರೆಸಿಕೊಂಡು ಫೋನ್ ತೆಗೆದು ಒಂದು ಧ್ವನಿಸಂದೇಶ ಕೇಳಿಸಿದಳು.

ಮೊದಲು ಎರಡು ಕೆಮ್ಮು. ಆಮೇಲೆ ಮೂಗಿನಲ್ಲಿ ಮಾತು: "ಗಿಡ ಅಂದ್ರೆ ಮಗು ಇದ್ದಂಗೆ. ಎಲೆ ಬಾಡಿದ್ರೆ ಬಾಯಾರಿದೆ ಅಂತ. ನೀರು ಕೊಡಿ, ಧಾರಾಳವಾಗಿ ಕೊಡಿ."

ಮುರಳಿಗೆ ಆ ದನಿಯ ಗುರುತು ಸಿಕ್ಕಿತು. ಬೆಣ್ಣೆಹಣ್ಣಿನ ತರಬೇತಿಯ ದಿನ ಹಿಂದಿನ ಸಾಲಿನಲ್ಲಿ ಕೂತು, ಪಾಠ ಹೇಳಿದ ವಿಜ್ಞಾನಿ ಸಾಹೇಬರ ಕೆಮ್ಮು ಕಲಿತಿದ್ದ; ನೀರಿನ ಪಾಠ ಕಿವಿಗೆ ಬಿದ್ದಿರಲಿಲ್ಲ. ಸಂಜೆ ತಮಾಷೆಗೆಂದು ಅವರ ದನಿ ಅಣಕಿಸಿ ಬಳಗದ ವಾಟ್ಸಾಪ್ ಗುಂಪಿಗೆ ಕಳಿಸುವಾಗ, ಕೇಳದೆ ಬಿಟ್ಟ ಪಾಠದ ಜಾಗವನ್ನು ತನ್ನ ಊರಿನ ನಂಬಿಕೆಯಿಂದ ತುಂಬಿದ್ದ. ಸಾವಿರದೈನೂರು ಅಡಿ ಕೊರೆಸಿ ಬರೀ ಧೂಳು ಕಂಡ ಸೀಮೆ. ಕೆರೆ ತುಂಬಿ ಬೋರಿಗೆ ನೀರು ಬಂದದ್ದೇ ಈಚೆಗೆ. ನೀರು ಹೆಚ್ಚಾಗಿ ಗಿಡ ಸಾಯುತ್ತದೆ ಎಂದು ಇಲ್ಲಿ ಯಾರಿಗೆ ಹೊಳೆದೀತು?

"ಆ ಸಾಹೇಬ್ರಿಗೇ ಒಂದು ಫೋನ್ ಹಾಕು," ಎಂದಳು ಮುನಿಯಲ್ಲಮ್ಮ. "ಏನಾದ್ರೂ ಔಷಧಿ ಹೇಳ್ತಾರೆ."

"ಅದು ಸಾಹೇಬ್ರಲ್ಲಮ್ಮ. ನಾನು."

ಅವಳು ನಕ್ಕಳು. "ಥೂ ನಿನ್ನ! ಗಿಡ ಸಾಯ್ತಿರೋವಾಗ್ಲೂ ನಿಂಗೆ ಹುಡುಗಾಟ."

ನಂಬಿಸಲು ಬೇರೆ ದಾರಿ ಇರಲಿಲ್ಲ. ಕೊಳೆತ ಬೇರನ್ನು ಕೈಯಲ್ಲಿ ಹಿಡಿದುಕೊಂಡೇ ಮುರಳಿ ಎರಡು ಸಲ ಕೆಮ್ಮಿದ. "ಗಿಡ ಅಂದ್ರೆ ಮಗು ಇದ್ದಂಗೆ..." ಒಂದು ಅಕ್ಷರವೂ ತಪ್ಪಲಿಲ್ಲ.

ಅವಳ ನಗು ನಿಂತಿತು. ಉದುರಿದ ಕಾಯಿಗಳನ್ನು ಒಂದೊಂದಾಗಿ ಮಡಿಲಿಗೆ ಹಾಕಿಕೊಳ್ಳತೊಡಗಿದಳು. ನಿಂಬೆಗಾತ್ರದವು; ದನವೂ ಮೂಸದು.

ಅವಳ ಫೋನಿನಲ್ಲಿ ಆ ಧ್ವನಿಯ ಮೇಲೆ 'ಹಲವು ಬಾರಿ ಫಾರ್ವರ್ಡ್ ಆಗಿದೆ' ಎಂದಿತ್ತು. ಮುರಳಿ ಬದುವಿನ ಮೇಲೆ ನಿಂತು, ಕೆಸರಿನ ಕೈಯಲ್ಲೇ, ತನ್ನ ಸ್ವಂತ ದನಿಯಲ್ಲಿ ಗುಂಪಿಗೆ ಹೇಳಿದ: "ಎಲ್ಲರೂ ನೀರು ನಿಲ್ಲಿಸಿ. ಬೇರು ಬಗೆದು ನೋಡಿ. ಆವತ್ತು ಕಳಿಸಿದ್ದು ನಾನು ಮಾಡಿದ ಅಣಕ."

ಸಾಲುಸಾಲಾಗಿ ನಗುವ ಮುಖಗಳು ಬಂದವು. ಕಡೆಗೆ ಮುಳಬಾಗಿಲಿನ ಕದಿರೇಶನ ಉತ್ತರ: "ನೀನ್ ಬಿಡಪ್ಪಾ, ದಿನಾ ಒಂದ್ ಆಟ. ಸಾಹೇಬ್ರ ಮಾತು ಬಿಟ್ಟು ನಿನ್ ಮಾತು ಕೇಳ್ಲಾ? ನಮ್ದೂ ಎಲೆ ಬಾಡ್ತಿತ್ತು, ಈಗ್ತಾನೆ ಮೋಟ್ರು ಹಾಕ್ದೆ."