ಗಿಡ್ಡ ಕಾಲಿನ ಗೊಂಬೆ

ಮಂಚದ ಕೆಳಗಿದ್ದ ಟ್ರಂಕನ್ನು ಹಜಾರದ ನಡುವಿಗೆ ಎಳೆದು ತಂದು ಅತ್ತಿಗೆ ನಾದಿನಿಯ ಮುಂದೆ ಕೈ ಕೊಡವಿಕೊಂಡಳು. "ತಗೊಂಡು ಹೋಗಮ್ಮ. ಇದರ ಋಣ ತೀರ್ತು."

ಟ್ರಂಕಿನ ತುಂಬ ಬಟ್ಟೆಯ ಚೂರುಗಳು. ಗಂಡನ ಹಳೆಯ ಶರ್ಟಿನ ಕಾಲರು, ಮಗಳ ಲಂಗದ ಅಂಚು, ಯಾರದೋ ಮನೆಯ ಪರದೆಯ ತುಂಡು. ಇವುಗಳಲ್ಲಿ ಅತ್ತಿಗೆ ಬಗೆಬಗೆಯ ಗೊಂಬೆ ಹೊಲಿಯುತ್ತಿದ್ದ ಕಾಲವೊಂದಿತ್ತು. ಆಮೇಲೆ ಅಂಗಡಿಯವನೊಬ್ಬನ ಕಣ್ಣು ಬಿತ್ತು. ಇದೇ ನಗು, ಇದೇ ಜಡೆ, ಇಂಥವೇ ಬೇಕು ಎಂದ. ಅಚ್ಚು ಹೊಯ್ದ ಹಾಗೆ ಹೊಲಿದೂ ಹೊಲಿದೂ ಅವಳ ಮನಸ್ಸೇ ಮರಗಟ್ಟಿತು. ಅಂಗಡಿಯ ಕೆಲಸ ಬಿಟ್ಟು ತನಗಾಗಿ ಕೂತರೂ ಕೈಯಿಂದ ಹೊರಡುತ್ತಿದ್ದುದು ಅದೇ ನಗು. ಅದನ್ನು ಕಂಡರೆ ಅವಳಿಗೆ ಅಳು ಬರುತ್ತಿತ್ತು. ಕಡೆಗೊಂದು ದಿನ ಸೂಜಿ ಚುಚ್ಚಿಟ್ಟವಳು ಮತ್ತೆ ಎತ್ತಿರಲಿಲ್ಲ.

ನಾದಿನಿ ಟೈಲರ್. ಕತ್ತರಿಗಿಂತ ಬಾಯಿ ಚುರುಕು. ಟ್ರಂಕು ಒಯ್ಯಲು ಬಂದವಳು ಅದರ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತಳು.

"ಒಂದು ಗೊಂಬೆ ಹೊಲಿದು ನೋಡ್ತೀನಿ ಅತ್ತಿಗೆ. ನೀವು ಸುಮ್ನೆ ಕೂತಿರಿ."

ಅಂಗಿ, ಪ್ಯಾಂಟು ಹೊಲಿದ ಕೈಗೆ ಗೊಂಬೆ ಒಗ್ಗಲಿಲ್ಲ. ಹತ್ತಿ ತುರುಕಿದ ಹೊಟ್ಟೆ ಕುಂಬಳಕಾಯಿಯಾಯಿತು. ಅತ್ತಿಗೆ ಅಡುಗೆಮನೆಗೆ ಹೋದಳು, ಯಾಕೆ ಹೋದೆನೆಂದು ತಿಳಿಯದೆ ವಾಪಸು ಬಂದಳು.

"ಅಯ್ಯೋ, ಕಾಲು ನೋಡೇ! ಒಂದು ಉದ್ದ, ಒಂದು ಗಿಡ್ಡ."

"ನಿಮ್ಮನೆ ನೆಲ ಡೊಂಕು."

"ಕುಣಿಯಲಾರದೋಳೂ ಇದನ್ನೇ ಹೇಳಿದ್ದು. ಬಿಚ್ಚು ಅದನ್ನ."

"ಋಣ ತೀರಿದೋರು ಮಾತಾಡಬಾರದು ಅತ್ತಿಗೆ."

"ಕೊಡೇ ಇಲ್ಲಿ!"

ಕಸಿದುಕೊಂಡ ಗೊಂಬೆಯನ್ನು ಅಳತೆಗೆಂದು ಟ್ರಂಕಿಗೆ ಒರಗಿಸಿ ನಿಲ್ಲಿಸಿದಳು. ಗಿಡ್ಡ ಕಾಲಿನಿಂದಾಗಿ ಅದು ಒಂದು ಕಡೆ ವಾಲಿ, ಸೊಂಟ ಮುಂದೆ ಮಾಡಿ ನಿಂತಿತು. ಈ ನಿಲುವನ್ನು ಅವಳು ಬಲ್ಲಳು. 'ನಾಳೆ ಕೊಡ್ತೀನಿ ಅಂದಿದ್ರಲ್ಲ' ಎಂದು ಗಿರಾಕಿ ಕೇಳಿದಾಗ ನಾದಿನಿ ನಿಲ್ಲುವುದು ಹೀಗೆಯೇ.

ಕಾಲು ಸರಿಮಾಡಲೆಂದು ಎತ್ತಿಕೊಂಡಿದ್ದ ಕತ್ತರಿ ಕೆಳಗಿಟ್ಟಳು. ಗೊಂಬೆಯ ಕೈ ಮಡಚಿ ಸೊಂಟಕ್ಕೆ ಹೊಲಿದಳು. ಕೊರಳಿಗೆ ಹಳದಿ ರಿಬ್ಬನ್ನು ಅಳತೆಯ ಟೇಪಾಗಿ ಇಳಿಬಿತ್ತು. ಉಳಿದದ್ದು ಬಾಯಿ. ಸೂಜಿ ತನ್ನ ಹಳೆಯ ದಾರಿ ಹಿಡಿದು ಆ ನಗುವಿನತ್ತ ಹೊರಟಿತು. ಅವಳು ಆ ಹೊಲಿಗೆ ಕಿತ್ತು, ತಲೆಯೆತ್ತಿ ನಾದಿನಿಯ ಮುಖವನ್ನೇ ನೋಡಿದಳು. ಆಮೇಲೆ ತುಟಿಯ ಒಂದು ತುದಿ ಮೇಲೆತ್ತಿ, ಇನ್ನೊಂದನ್ನು ಕೆಳಗೇ ಬಿಟ್ಟಳು. ಈಗ ಏನಂದುಬಿಡುತ್ತಾಳೋ ಎನ್ನುವಂಥ ಬಾಯಿ.

"ಯಾರಿದು?" ನಾದಿನಿ ಎದ್ದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

ಅತ್ತಿಗೆ ಅವಳನ್ನೊಮ್ಮೆ, ಗೊಂಬೆಯನ್ನೊಮ್ಮೆ ನೋಡಿ ಬಿದ್ದೂ ಬಿದ್ದೂ ನಕ್ಕಳು.

"ನನ್ನ ಹೊಟ್ಟೆ ಇಷ್ಟಿಲ್ಲ!"

"ಅದನ್ನ ತುಂಬಿದ್ದು ನೀನೇ, ತಾಯಿ."

"ಸರಿ, ಗಾಡಿ ಕರೀಲಾ? ಟ್ರಂಕು ಸಾಗಿಸೋಣ."

ಅತ್ತಿಗೆಗೆ ಕೇಳಿಸಲೇ ಇಲ್ಲ. ಅವಳ ಎರಡೂ ಕೈ ಟ್ರಂಕಿನಲ್ಲಿ ಮುಳುಗಿದ್ದವು. ಶರ್ಟಿನ ಕಾಲರು ಹೊರಗೆ ಬಂತು.

"ನಿಮ್ಮಣ್ಣನ ಕತ್ತು ಯಾವ ಕಡೆ ವಾಲುತ್ತೆ?"

"ಎಡಕ್ಕೆ," ಎಂದಳು ನಾದಿನಿ ಮತ್ತೆ ಕೂರುತ್ತ. "ನೀವು ಬೈಯುವಾಗ ಮಾತ್ರ."